ಎಲ್ಲರಿಗೂ ಎಟುಕುವ ಹಾಡು

ಚಳಿಗಾಲದಲ್ಲಿ ಎಲೆ ಉದುರಿಸಬೇಕೆಂದು ದೆಹಲಿಯ ಬೇವಿನ ಮರಗಳಿಗೆ ಯಾರೂ ಹೇಳಿಕೊಟ್ಟಿಲ್ಲ. ಮಾರ್ಚ್ ಬಂದು, ನಾವು ಸ್ವೆಟರುಗಳನ್ನೆಲ್ಲ ಒಗೆದು ಪೆಟ್ಟಿಗೆಗೆ ಹಾಕಿ, ಇನ್ನೇನು ಸೆಖೆ ಶುರುವಾಯಿತು ಎನ್ನುವಾಗ ಅವು ನಿಧಾನವಾಗಿ ಎಲೆ ಕಳಚಲು ಕೂರುತ್ತವೆ. ಕಳೆದ ವಾರ ಹಳೆಯ ನೆರೆಯವರನ್ನು ಕಾಣಲು ಲೋಧಿ ಕಾಲೋನಿಗೆ ಹೋಗಿದ್ದೆ. ಗುಡಿಸುವವರು ಒಣಗಿದ ಎಲೆಗಳನ್ನು ರಸ್ತೆಯ ಅಂಚಿಗೆ ರಾಶಿ ಹಾಕಿದ್ದರು. ಆ ಒಣ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹೋಗಬೇಕಾದ ಮನೆ ಬಿಟ್ಟು ನಾವಿದ್ದ ಹಳೆಯ ಕ್ವಾರ್ಟರ್ಸಿನ ಮುಂದೆ ಹೋಗಿ ನಿಂತುಬಿಟ್ಟಿದ್ದೆ. ಈಗ ಅಲ್ಲಿ ಬೇರೆ ಯಾರೋ ಇದ್ದಾರೆ. ಕಿಟಕಿಗೆ ನೀಲಿ ಪರದೆ ಹಾಕಿಕೊಂಡಿದ್ದಾರೆ. ನಮ್ಮ ಬಚ್ಚಲುಮನೆಯ ಸಣ್ಣ ಗವಾಕ್ಷಿ ಮಾತ್ರ ಹಾಗೆಯೇ ಇದೆ.

ಆ ಗವಾಕ್ಷಿಯಿಂದ ಒಂದು ಕಾಲದಲ್ಲಿ ನಮ್ಮವರ ಹಾಡು ಬೀದಿಗೆಲ್ಲ ಕೇಳುತ್ತಿತ್ತು.

ನಮ್ಮವರು ಎಂದರೆ ಕರುಣಾಕರ್, ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೆಕ್ಷನ್ ಆಫೀಸರ್ ಆಗಿದ್ದವರು. ಕಚೇರಿಯಲ್ಲಿ ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಷ್ಟು ಮಿತ ಮಾತು. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರೆ ಮಾತ್ರ ಬೇರೆಯೇ ಮನುಷ್ಯ. ಗೀಸರಿನ ನೀರು ಮೈಮೇಲೆ ಬಿದ್ದ ಕೂಡಲೇ ಸ್ವರ ಮೇಲಕ್ಕೆ ಹೋಗುತ್ತಿತ್ತು, ಇನ್ನೂ ಮೇಲಕ್ಕೆ ಹೋಗುತ್ತಿತ್ತು, ಅಲ್ಲಿ ನಿಂತು ಒಂದು ಸುತ್ತು ತಿರುಗಿ ಬರುತ್ತಿತ್ತು. ಪಕ್ಕದ ಮನೆಯ ಪಂಜಾಬಿ ಆಂಟಿ ಅದನ್ನು ಕೇಳಿಕೊಂಡೇ ಬೆಳಗಿನ ಪರಾಠ ಲಟ್ಟಿಸುತ್ತಿದ್ದರು.

ಅದೇ ಮನುಷ್ಯ ನಮ್ಮ ಸಭೆಯಲ್ಲಿ ಹಾಡು ಎತ್ತುವಾಗ ಮಾತ್ರ ಸ್ವರ ನೆಲ ಬಿಟ್ಟು ಏಳುತ್ತಿರಲಿಲ್ಲ. ನಮ್ಮದು ಚಿಕ್ಕ ಸಭೆ. ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ಚದುರಿಹೋದ ಕನ್ನಡ ಕ್ರೈಸ್ತ ಕುಟುಂಬಗಳು ಭಾನುವಾರ ಮಧ್ಯಾಹ್ನ, ಉಳಿದ ಭಾಷೆಯವರ ಆರಾಧನೆಗಳೆಲ್ಲ ಮುಗಿದ ಮೇಲೆ, ಒಂದು ಚರ್ಚಿನಲ್ಲಿ ಸೇರುತ್ತೇವೆ. ವಾದ್ಯ ನುಡಿಸುವವರು ನಮ್ಮಲ್ಲಿ ಯಾರೂ ಇಲ್ಲ. ಒಬ್ಬರು ಎದ್ದುನಿಂತು ಕೀರ್ತನೆಯ ಮೊದಲ ಸಾಲನ್ನು ಹಾಡಿ ಸ್ವರ ಹಿಡಿಸಬೇಕು. ಅದಕ್ಕೇ ಹಾಡು ಎತ್ತುವುದು ಎನ್ನುತ್ತೇವೆ. ಅವರು ಎಲ್ಲಿ ಶುರುಮಾಡುತ್ತಾರೋ ಅಲ್ಲಿಂದಲೇ ಎಲ್ಲರೂ ಹಾಡಬೇಕು. ತೀರಾ ಮೇಲೆ ಎತ್ತಿದರೆ ಪಲ್ಲವಿಯ ಹೊತ್ತಿಗೆ ಅರ್ಧ ಜನ ಕೆಮ್ಮುತ್ತಿರುತ್ತಾರೆ. ಹಾಗೆಂದು ನಡುವೆ ನಿಲ್ಲಿಸಿ ಮತ್ತೆ ಶುರುಮಾಡುವ ಪದ್ಧತಿ ಇಲ್ಲ. ದೇವರ ಮುಂದೆ ಎತ್ತಿದ್ದು ಎತ್ತಿದ್ದೇ, ಕೊನೆಯ ಚರಣದವರೆಗೂ ಅದನ್ನು ಹೊತ್ತುಕೊಂಡು ಹೋಗಬೇಕು.

ಹಾಸನದಲ್ಲಿ ನಮ್ಮ ಮಾವನವರು ಈ ಕೆಲಸ ಮಾಡುತ್ತಿದ್ದರಂತೆ. ಇಲ್ಲಿ ಇವರು. ಮದುವೆಯಾದ ಹೊಸದರಲ್ಲಿ ನಾನು, “ರೀ, ಮನೇಲಿ ಹಾಡೋ ಹಾಗೆ ಅಲ್ಲಿ ಯಾಕೆ ಹಾಡಲ್ಲ ನೀವು?” ಎಂದು ಕೇಳಿದ್ದೆ. “ಗಂಟಲು ಕಟ್ಟಿತ್ತು ಕಣೇ” ಎಂದರು. ಆಮೇಲೂ ಯಾವಾಗ ಕೇಳಿದರೂ ಅದೇ ಉತ್ತರ. ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಸರಿಯಾಗಿದ್ದ ಗಂಟಲು ಮಧ್ಯಾಹ್ನ ಚರ್ಚಿಗೆ ಹೋಗುವಷ್ಟರಲ್ಲಿ ಹೇಗೆ ಕಟ್ಟುತ್ತದೆ ಎಂದು ನಾನು ಸಭೆಯ ಹೆಂಗಸರ ಮುಂದೆ ಇವರನ್ನು ಚುಡಾಯಿಸುತ್ತಿದ್ದೆ. ಇವರು ನಗುತ್ತಿದ್ದರು.

ಆ ವರ್ಷ ಜನವರಿಯಲ್ಲಿ, ಮಂಜಿಗೆ ಎದುರಿನ ಬ್ಲಾಕೂ ಕಾಣದ ದಿನಗಳಲ್ಲಿ, ಇವರ ಕುತ್ತಿಗೆಯಲ್ಲಿದ್ದ ಥೈರಾಯ್ಡ್ ಗಂಟನ್ನು ತೆಗೆಸಬೇಕಾಯಿತು. ಸ್ವರದ ನರ ಪಕ್ಕದಲ್ಲೇ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾಗಲೂಬಹುದು ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಗಂಟು ಕೆಟ್ಟದ್ದಲ್ಲ ಎಂದು ವರದಿ ಬಂತು. ಆ ದಿನ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ದೇವರಿಗೆ ಎಷ್ಟು ಸಲ ಸ್ತೋತ್ರ ಹೇಳಿದೆನೋ ಲೆಕ್ಕವಿಲ್ಲ. ಆದರೆ ಇವರು ಕಣ್ಣು ತೆರೆದು “ಸರಳಾ” ಎಂದಾಗ ಬರೀ ಗಾಳಿ ಬಂತು. ಹೆಸರು ತುಟಿಯಲ್ಲಿತ್ತು, ಸ್ವರ ಇರಲಿಲ್ಲ. ಕೆಲವು ತಿಂಗಳಲ್ಲಿ ಮರಳಬಹುದು, ಮರಳದೆಯೂ ಇರಬಹುದು, ಕಾಯಬೇಕು ಎಂದರು ಡಾಕ್ಟರು.

ಮನೆ ಸದ್ದಿಲ್ಲದಾಯಿತು. ಬೆಳಿಗ್ಗೆ ಬಚ್ಚಲಲ್ಲಿ ನೀರಿನ ಸದ್ದೊಂದೇ. ಪಕ್ಕದ ಮನೆಯ ಆಂಟಿ ಮೆಟ್ಟಿಲಲ್ಲಿ ನನ್ನನ್ನು ತಡೆದು, “ಭಾಯಿಸಾಹಬ್ ಆಜ್‌ಕಲ್ ಗಾತೇ ನಹೀ?”, ಈಗೀಗ ಇವರು ಹಾಡುವುದೇ ಇಲ್ಲವಲ್ಲ, ಎಂದು ಕೇಳಿದಾಗ ತರಕಾರಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಮೇಲೆ ಹತ್ತಿದೆ.

ಫೆಬ್ರವರಿಯ ಕೊನೆಗೆ ಶ್ರಮೆಯ ದಿನಗಳು ಬಂದವು. ಈಸ್ಟರಿಗೆ ಮುಂಚಿನ ಆ ವಾರಗಳಲ್ಲಿ ಪ್ರತಿ ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ನಮ್ಮ ಪ್ರಾರ್ಥನಾ ಕೂಟ ನಡೆಯುತ್ತದೆ. ಗ್ರೇಟರ್ ನೋಯ್ಡಾದವರು ಗುರುಗ್ರಾಮಕ್ಕೆ ಬರಬೇಕು, ಗುರುಗ್ರಾಮದವರು ಗ್ರೇಟರ್ ನೋಯ್ಡಾಗೆ ಹೋಗಬೇಕು. ಕಚೇರಿ ಮುಗಿಸಿ, ಟ್ರಾಫಿಕ್ಕಿನಲ್ಲಿ ಅರ್ಧ ಜೀವವಾಗಿ ಬಂದವರಿಗೆ ಬರೀ ಟೀ, ಅವಲಕ್ಕಿ. ಹೆಚ್ಚು ಮಾಡಿದರೆ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ನಯವಾಗಿ ಗದರುತ್ತಾರೆ. ಆ ವರ್ಷ ಶುಕ್ರವಾರಗಳ ಪ್ರಸಂಗಕ್ಕೆ ಅವರು ಆರಿಸಿಕೊಂಡ ವಿಷಯ ಸಾಧುತ್ವ. ನನಗೆ ಆ ಮಾತೇ ಹಿಡಿಸುತ್ತಿರಲಿಲ್ಲ. ಸಾಧು ಎಂದರೆ ಯಾರು ಬೇಕಾದರೂ ಕರೆಯಬಹುದಾದ, ಒದೆಯದ ಹಸು ಎಂದೇ ನನ್ನ ಮನಸ್ಸಿಗೆ ಬರುತ್ತಿದ್ದದ್ದು. ದೆಹಲಿಯಲ್ಲಿ ಸಾಧುವಾಗಿದ್ದರೆ ಆಟೋದವನು ಬೇರೆ ದಾರಿ ಹಿಡಿಯುತ್ತಾನೆ, ಹಾಲಿನವನು ನೀರು ಹಾಕುತ್ತಾನೆ, ಮೆಟ್ರೋದಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಇದೆ. ಅದರಿಂದ ನಮ್ಮ ಸಂಸಾರಕ್ಕೆ ಅನುಕೂಲವೇ ಆಗಿದೆ ಎಂದು ನನ್ನ ಅಭಿಪ್ರಾಯ.

ಮೊದಲ ಕೂಟದ ಹಿಂದಿನ ಭಾನುವಾರ ಅಯ್ಯನವರು, “ಕರುಣಾಕರ್ ಗುಣವಾಗೋವರೆಗೆ ಹಾಡು ಎತ್ತೋದು ಯಾರು?” ಎಂದು ಕೇಳಿದರು. ಇವರು ಕೈ ಎತ್ತಿ ಹಿಂದಿನ ಸಾಲಿನಲ್ಲಿ ಕೂತಿದ್ದ ಪ್ರಶಾಂತನನ್ನು ತೋರಿಸಿದರು. ಪ್ರಶಾಂತ ಗುರುಗ್ರಾಮದ ಒಂದು ಐಟಿ ಕಂಪನಿಯಲ್ಲಿದ್ದ, ಬೀದರಿನ ಕಡೆಯ ಹುಡುಗ, ನಮ್ಮ ಸಭೆಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ನನ್ನನ್ನು ಒಂದು ಮಾತು ಕೇಳದೆ, ತಮ್ಮ ಜಾಗವನ್ನು ಹೀಗೆ ಬೆರಳು ತೋರಿಸಿ ಕೊಟ್ಟುಬಿಟ್ಟರಲ್ಲ ಎಂದು ನನಗೆ ಮೈ ಉರಿಯಿತು.

ಮೊದಲ ಶುಕ್ರವಾರ ಗ್ರೇಟರ್ ನೋಯ್ಡಾದಲ್ಲಿ, ಸುಂದರಮ್ಮಜ್ಜಿಯ ಮಗಳ ಮನೆಯಲ್ಲಿ. ಅಜ್ಜಿ ನಮ್ಮ ಸಭೆಯ ಹಿರಿಯರು. ಕಣ್ಣು ಮಂದ, ಆದರೂ ಹಾಡಿನ ಪುಸ್ತಕ ತೊಡೆಯ ಮೇಲೆ ಇರಲೇಬೇಕು, ಹಾಡುಗಳೆಲ್ಲ ಬಾಯಿಪಾಠ. ಎತ್ತರದ ಫ್ಲಾಟು, ಕಿಟಕಿಯಾಚೆ ಇನ್ನೂ ಕಟ್ಟುತ್ತಿದ್ದ ಕಟ್ಟಡಗಳ ದೀಪ. ಪ್ರಶಾಂತ ಎದ್ದುನಿಂತು ಕಣ್ಣು ಮುಚ್ಚಿ ಹಾಡು ಎತ್ತಿದ. ಎಂಥ ಕಂಠ ಅದು. ಮೊದಲ ಸಾಲಿಗೇ ಎಲ್ಲರೂ ಬೆರಗಾಗಿ ನೋಡಿದರು. ಎರಡನೇ ಸಾಲಿಗೆ ಕುತ್ತಿಗೆ ಚಾಚಿದರು. ಪಲ್ಲವಿ ಬಂದಾಗ ಗಂಡಸರು ಒಬ್ಬೊಬ್ಬರಾಗಿ ಕೆಳಗಿನ ಸ್ವರಕ್ಕೆ ಜಾರಿಕೊಂಡರು, ಹೆಂಗಸರು ಬಾಯಿ ಮಾತ್ರ ಆಡಿಸಿದರು. ಕೊನೆಯ ಚರಣದಲ್ಲಿ ಹಾಡುತ್ತಿದ್ದವನು ಅವನೊಬ್ಬನೇ. ಸುಂದರಮ್ಮಜ್ಜಿ ಪುಸ್ತಕ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು.

ಕೂಟ ಮುಗಿದ ಮೇಲೆ ಎಲ್ಲರೂ ಹುಡುಗನ ಬೆನ್ನು ತಟ್ಟಿದರು. ಒಬ್ಬರಂತೂ ಇವರ ಎದುರಿಗೇ, “ಇನ್ನು ನಮ್ಮ ಸಭೆಗೆ ಒಂದು ಕಳೆ ಬಂತು ಬಿಡಿ” ಎಂದರು. ಇವರೂ ತಲೆಯಾಡಿಸಿ ಅವನ ಕೈ ಕುಲುಕಿದರು. ವಾಪಸು ಬರುವಾಗ ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ ನಾನೇ ಮಾತಾಡಿದೆ. ಹಾಡು ಎತ್ತೋದಕ್ಕೂ ಸಂಗೀತ ಕಚೇರಿಗೂ ವ್ಯತ್ಯಾಸ ಗೊತ್ತಿಲ್ಲದವನಿಗೆ ಯಾಕೆ ಕೊಟ್ಟಿರಿ, ಅಜ್ಜಿ ಪುಸ್ತಕ ಮುಚ್ಚಿದ್ದು ನೋಡಿದಿರಾ, ನೀವಾದರೂ ಕೈಸನ್ನೆ ಮಾಡಬಹುದಿತ್ತಲ್ಲ. ಇವರು ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಲೇ ಇದ್ದರು. ಮನೆ ತಲುಪಿ ಗಾಡಿ ನಿಲ್ಲಿಸಿದ ಮೇಲೆ ಪಿಸುದನಿಯಲ್ಲಿ, “ಕಂಠ ಚೆನ್ನಾಗಿದೆ” ಎಂದರು.

ಎರಡನೆಯ ಶುಕ್ರವಾರ ಗುರುಗ್ರಾಮದಲ್ಲಿ. ಅಲ್ಲೂ ಅದೇ ಕಥೆ, ಇನ್ನೂ ಒಂದು ಮೆಟ್ಟಿಲು ಮೇಲೆ. ಅಂದು ನಾನು ಇವರ ಪಕ್ಕದಲ್ಲೇ ಕೂತಿದ್ದೆ. ಇವರು ಪುಸ್ತಕ ಬಿಡಿಸಿಕೊಂಡು ತುಟಿ ಆಡಿಸುತ್ತಿದ್ದರು. ಕುತ್ತಿಗೆಯ ಗಾಯದ ಗೆರೆ ಬಿಗಿದು ಕೆಂಪಾಗುತ್ತಿತ್ತು. ಏನೂ ಹೊರಗೆ ಬರುತ್ತಿರಲಿಲ್ಲ. ಎರಡನೇ ಚರಣಕ್ಕೆ ತುಟಿಯೂ ನಿಂತಿತು.

ಮನೆಗೆ ಬಂದ ಮೇಲೆ ಊಟ ಬೇಡವೆಂದರು. “ಸರಳಾ, ಮುಂದಿನ ವಾರದಿಂದ ನೀನೊಬ್ಬಳೇ ಹೋಗಿ ಬಾ. ಅಲ್ಲಿ ಕೂತು ಬಾಯಿ ಆಡಿಸೋದು ನನ್ನಿಂದ ಆಗಲ್ಲ” ಎಂದು ಗಾಳಿಯಂಥ ದನಿಯಲ್ಲಿ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಇಷ್ಟು ವರ್ಷದಲ್ಲಿ ಆ ಮನುಷ್ಯ ಯಾವುದನ್ನಾದರೂ ಆಗಲ್ಲ ಎಂದದ್ದು ನಾನು ಕೇಳಿರಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಅಂದು. ಸ್ವರ ಹೋದರೆ ಹೋಗಲಿ, ಅದರ ಹಿಂದೆಯೇ ಮನುಷ್ಯನೂ ಹೊರಟುಹೋಗುತ್ತಾನೇನೋ ಅನ್ನಿಸಿತು. ಆ ವಾರ ಅವರು ಆಸ್ಪತ್ರೆಯವರು ಹೇಳಿಕೊಟ್ಟಿದ್ದ ಸ್ವರದ ಅಭ್ಯಾಸವನ್ನೂ ನಿಲ್ಲಿಸಿದರು. ಏನು ಬೇಕಾದರೂ ಕೈಸನ್ನೆ. ನಾನು ಜಗಳ ತೆಗೆದೆ, ಬೇಡಿಕೊಂಡೆ, ಅಡುಗೆಮನೆಗೆ ಹೋಗಿ ಅತ್ತೆ. ಯಾವುದೂ ನಡೆಯಲಿಲ್ಲ.

ಬುಧವಾರ ಸಂಜೆ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಪ್ರಶಾಂತ, ಕೈಯಲ್ಲಿ ಕಿತ್ತಳೆಯ ಚೀಲ, ಬೆನ್ನಿಗೆ ಲ್ಯಾಪ್‌ಟಾಪಿನ ಬ್ಯಾಗು. ಕಚೇರಿಯಿಂದ ನೇರ ಮೆಟ್ರೋ ಹಿಡಿದು ಬಂದಿದ್ದ. ಅವನಿಗೆ ಹೇಳಬೇಕೆಂದು ನಾನು ಎರಡು ವಾರದಿಂದ ಮಾತುಗಳನ್ನು ಮಸೆದಿಟ್ಟುಕೊಂಡಿದ್ದೆ. ಅವನು ಚಪ್ಪಲಿ ಬಿಡುತ್ತಲೇ ಇವರ ಕಡೆ ನೋಡಿ, “ಅಂಕಲ್, ಅಜ್ಜಿ ಪುಸ್ತಕ ಮುಚ್ಚಿದ್ದು ನೋಡಿದೆ ನಾನು. ಮೊನ್ನೆ ನೀವೂ ನಿಲ್ಲಿಸಿದ್ರಿ. ಎಲ್ಲರೂ ಚೆನ್ನಾಗಿತ್ತು ಅಂತಾರೆ, ಆದ್ರೆ ಯಾರೂ ಹಾಡ್ತಾ ಇಲ್ಲ. ನಾನೆಲ್ಲಿ ತಪ್ತಾ ಇದೀನಿ ಹೇಳಿಕೊಡಿ” ಎಂದ.

ನನ್ನ ಮಸೆದ ಮಾತುಗಳೆಲ್ಲ ಬಾಯಲ್ಲೇ ಕರಗಿದವು. ಇನ್ನೇನು ಮಾಡುವುದು, ಮೆಂತ್ಯ ಸೊಪ್ಪು ಬಿಡಿಸುತ್ತಾ ಅಡುಗೆಮನೆಯ ಬಾಗಿಲಲ್ಲಿ ಕೂತೆ. ಇವರು ಕೈಯೆತ್ತಿ ಏನೋ ತೋರಿಸಹೊರಟು ಕೈ ಇಳಿಸಿದರು. ಕೈಸನ್ನೆಯಲ್ಲಿ ಹೇಳಲಾಗದ ವಿಷಯ ಅದು. ಕೊನೆಗೆ ಬಾಯಿ ತೆರೆಯಲೇಬೇಕಾಯಿತು. ಕೇಳಿಸಬೇಕಾದರೆ ಹುಡುಗ ಅವರ ಬಾಯಿಯ ಹತ್ತಿರ ಕಿವಿ ತರಬೇಕಿತ್ತು.

“ಕಣ್ಣು ಮುಚ್ಚಬೇಡ. ಎದ್ದು ನಿಂತ ಮೇಲೆ ಮೊದಲು ಕೋಣೆ ನೋಡು. ಯಾರ ಸ್ವರ ಎಲ್ಲರಿಗಿಂತ ಸಣ್ಣದು ಅಂತ ನೋಡು. ಸುಂದರಮ್ಮಜ್ಜಿ ಬಂದಿದ್ದಾರಾ? ನೆಗಡಿ ಆದವರಿದ್ದಾರಾ? ಹಾಡಿನಲ್ಲಿ ಎಲ್ಲಕ್ಕಿಂತ ಮೇಲೆ ಹೋಗೋ ಜಾಗ ಇರತ್ತಲ್ಲ, ಅದು ಅವರಿಗೆ ಎಟುಕಬೇಕು. ಅಲ್ಲಿಂದ ಇಳಿಸಿಕೊಂಡು ಬಾ, ಶುರುಮಾಡೋ ಸ್ವರ ಸಿಗತ್ತೆ. ನಮ್ಮಪ್ಪ ಹೀಗೇ ಮಾಡ್ತಿದ್ದರು.”

ಹುಡುಗ ಸಣ್ಣ ದನಿಯಲ್ಲಿ ಹಾಡಿ ನೋಡಿದ. ಇವರು ಅಂಗೈಯಿಂದ ಕೆಳಗೆ, ಕೆಳಗೆ ಎಂದು ತೋರಿಸಿದರು. ಇನ್ನೊಮ್ಮೆ ಹಾಡಿದ. ಇನ್ನೂ ಕೆಳಗೆ.

“ಅಂಕಲ್, ಇಷ್ಟು ಕೆಳಗೆ ನನಗೆ ಕಷ್ಟ. ಎದೆಯಲ್ಲಿ ಹಿಡಿದಿಟ್ಟುಕೊಂಡ ಹಾಗಾಗತ್ತೆ. ನಿಮ್ಮದು ಕೆಳಗಿನ ಸ್ವರ ಅಲ್ವಾ, ನಿಮಗೆ ಸುಲಭ ಆಗ್ತಿತ್ತೇನೋ.”

ಇವರು ಸದ್ದಿಲ್ಲದೆ ನಕ್ಕರು. ನಾನು ಮೆಂತ್ಯದ ಕಟ್ಟು ಕೈಯಲ್ಲಿ ಹಿಡಿದೇ ಎದ್ದುಬಂದೆ. “ಕೆಳಗಿನ ಸ್ವರವಂತೆ. ಇವರು ಸ್ನಾನ ಮಾಡ್ತಿದ್ರೆ ಎದುರಿನ ಬ್ಲಾಕಿನವರೆಗೆ ಕೇಳ್ತಿತ್ತು ಕಣಪ್ಪಾ. ನಿನ್ನ ಸ್ವರಕ್ಕಿಂತ ಮೇಲೆ ಹೋಗ್ತಿತ್ತು” ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಅರ್ಥವಾಯಿತು. ಇವರ ಕಡೆ ತಿರುಗಿ, “ಹಾಗಾದ್ರೆ ಇಷ್ಟು ವರ್ಷ ಗಂಟಲು ಕಟ್ಟಿತ್ತು ಅಂತಿದ್ದದ್ದು?” ಎಂದು ಕೇಳಿದೆ.

ಇವರು ಕಿತ್ತಳೆ ಸುಲಿಯತೊಡಗಿದರು. ಹುಡುಗ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದ.

ಅಷ್ಟು ದೊಡ್ಡ ಸ್ವರವನ್ನು ವಾರ ವಾರ ಎದೆಯೊಳಗೆ ಅದುಮಿಟ್ಟು, ಅಜ್ಜಿಯಂದಿರಿಗೆ, ನೆಗಡಿಯಾದವರಿಗೆ, ನನ್ನಂಥ ಒರಟು ಗಂಟಲಿನವರಿಗೆ ಎಟುಕುವಲ್ಲಿ ಇಟ್ಟುಕೊಡುತ್ತಿದ್ದರು. ನಾವು ಹಾಡಿದ್ದೆವು. ಚೆನ್ನಾಗಿ ಹಾಡಿದೆವೆಂದು ನಮ್ಮನ್ನು ನಾವೇ ಮೆಚ್ಚಿಕೊಂಡು ಮನೆಗೆ ಹೋಗಿದ್ದೆವು. ಅಯ್ಯನವರು ಎರಡು ಶುಕ್ರವಾರ ವಿವರಿಸಿದ ಸಾಧುತ್ವ ನನ್ನ ತಲೆಗೆ ಹೋಗಿರಲಿಲ್ಲ. ಅಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಮನೆಯಲ್ಲೇ ಅದು ಬನಿಯನ್ ಹಾಕಿಕೊಂಡು ಕಿತ್ತಳೆ ಸುಲಿಯುತ್ತ ಕೂತಿರುವುದನ್ನು ಕಂಡೆ. ಇಂಥವರ ಜೊತೆ ಬಾಳಲು ಸಿಕ್ಕಿತಲ್ಲ ಎಂದುಕೊಂಡೆ. ಮುಖ ತೋರಿಸಲಾಗದೆ ಸೊಪ್ಪು ತೊಳೆಯಲು ಹೋದೆ.

ಅಲ್ಲಿಂದ ಮುಂದೆ ಬುಧವಾರಗಳು ಪಾಠದ ದಿನಗಳಾದವು. ಹುಡುಗನಿಗೆ ಮೇಲಕ್ಕೆ ಹಾರುವುದು ಸಹಜವಾಗಿತ್ತು, ಹಾರದೆ ನಿಲ್ಲುವುದನ್ನು ಕಲಿಯಲು ಬೆವರಿದ. ಅವನಿಗೆ ತೋರಿಸುವ ನೆಪದಲ್ಲಿ ಇವರೂ ನಿಲ್ಲಿಸಿದ್ದ ಅಭ್ಯಾಸವನ್ನು ಮತ್ತೆ ಶುರುಮಾಡಿದರು. ಗಾಳಿಯ ನಡುವೆ ಎಲ್ಲೋ ಒಂದು ಎಳೆ ಸ್ವರ, ಕೆಳಗೆ, ತೀರಾ ಕೆಳಗೆ, ಬಂದು ಹೋಗುತ್ತಿತ್ತು. ನಾನು ಕೇಳಿಸದವಳ ಹಾಗೆ ಮಿಕ್ಸಿ ಹಾಕದೆ ಕಾಯುತ್ತಿದ್ದೆ. ಕೂಟಗಳಿಗೂ ಮತ್ತೆ ಬರತೊಡಗಿದರು. ಬಾಗಿಲ ಹತ್ತಿರ ಕೂರುತ್ತಿದ್ದರು, ಪುಸ್ತಕ ತೆರೆಯುತ್ತಿರಲಿಲ್ಲ, ಆದರೆ ಬರುತ್ತಿದ್ದರು. ದೆಹಲಿಯ ದ್ವಾರಕಾ ಬಡಾವಣೆಯ ಕೂಟದಲ್ಲಿ ಸುಂದರಮ್ಮಜ್ಜಿ ಕೊನೆಯ ಚರಣದವರೆಗೂ ಹಾಡಿದರು. ಅಂದು ಯಾರೂ ಪ್ರಶಾಂತನ ಬೆನ್ನು ತಟ್ಟಲಿಲ್ಲ, ಅವನ ಕಂಠದ ಮಾತನ್ನೇ ಯಾರೂ ಎತ್ತಲಿಲ್ಲ. ಇವರು ಮಾತ್ರ ಮೆಟ್ಟಿಲಿಳಿಯುವಾಗ ಅವನ ಹೆಗಲ ಮೇಲೆ ಕೈ ಇಟ್ಟಿದ್ದರು.

ಇವರ ಹಳೆಯ ಸ್ವರ ಮರಳಲೇ ಇಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ನಿವೃತ್ತಿಯಾಗಿ ನಾವೂ ಗ್ರೇಟರ್ ನೋಯ್ಡಾಗೆ ಬಂದಿದ್ದೇವೆ. ಮಾತಿಗೆ, ಫೋನಿಗೆ, ನನ್ನನ್ನು ಕರೆಯುವುದಕ್ಕೆ ಸಾಕಾಗುವಷ್ಟು ಸ್ವರ ಇದೆ. ಬಚ್ಚಲಲ್ಲಿ ಗುನುಗುತ್ತಾರೆ, ಮೇಲಕ್ಕೆ ಹೋಗುವುದಿಲ್ಲ. ಅದಕ್ಕಾಗಿ ನಾನು ದೇವರೊಂದಿಗೆ ಜಗಳವಾಡಿದ್ದೂ ಮುಗಿದಿದೆ. ಆದರೆ ಆ ವರ್ಷದ ಕೊನೆಯ ಶುಕ್ರವಾರದ ಕೂಟ ನೆನಪಾದಾಗಲೆಲ್ಲ, ಕೊಟ್ಟದ್ದಕ್ಕೂ ತೆಗೆದುಕೊಂಡದ್ದಕ್ಕೂ ಸೇರಿಸಿ ಸ್ತೋತ್ರ ಹೇಳುವುದು ಬಿಟ್ಟು ಬೇರೇನೂ ತೋಚುವುದಿಲ್ಲ.

ಅದು ನಮ್ಮ ಮನೆಯ ಸರದಿ. ಬೇವಿನ ಎಲೆ ಅಂಗಳದಲ್ಲಿ ಎಷ್ಟು ಗುಡಿಸಿದರೂ ಮತ್ತೆ ಬೀಳುತ್ತಿತ್ತು, ಬಂದವರ ಚಪ್ಪಲಿಗೆ ಅಂಟಿಕೊಂಡು ಮೆಟ್ಟಿಲು ಹತ್ತಿ ಬರುತ್ತಿತ್ತು. ದಿವಾನವನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದ್ದೆ. ಸುಂದರಮ್ಮಜ್ಜಿಗೆ ಒಳ್ಳೆಯ ಕುರ್ಚಿ. ಇವರು ಮನೆಯ ಯಜಮಾನರಾದರೂ ಬಾಗಿಲ ಬಳಿ, ಚಪ್ಪಲಿಗಳ ಪಕ್ಕದ ಬೆತ್ತದ ಸ್ಟೂಲಿನ ಮೇಲೆ ಕೂತರು.

ಅಯ್ಯನವರು ಹಾಡಿನ ಸಂಖ್ಯೆ ಹೇಳಿದರು. ಪ್ರಶಾಂತ ಎದ್ದ. ಕಲಿತ ಹಾಗೆ ಕಣ್ಣು ತೆರೆದು ಕೋಣೆಯನ್ನು ಒಂದು ಸುತ್ತು ನೋಡಿದ. ಅಜ್ಜಿಯನ್ನು ನೋಡಿದ. ಅಲ್ಲಿಗೆ ನಿಲ್ಲಿಸದೆ ಬಾಗಿಲ ಕಡೆಗೂ ನೋಡಿದ. ಆಮೇಲೆ ಎತ್ತಿದ.

ಅಷ್ಟು ಕೆಳಗೆ ನಮ್ಮ ಸಭೆಯಲ್ಲಿ ಎಂದೂ ಯಾರೂ ಹಾಡು ಎತ್ತಿರಲಿಲ್ಲ. ಗಂಡಸರು ಗದ್ದ ಎದೆಗೆ ಒತ್ತಿಕೊಂಡರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಸ್ವರ ಹೊಟ್ಟೆಯೊಳಗೆ ಎಲ್ಲೋ ತಡಕಾಡಿತು. ಕಲಿಸಿದ್ದೆಲ್ಲ ಮರೆತನೇ ಈ ಹುಡುಗ ಎಂದುಕೊಂಡೆ. ಆದರೆ ಎತ್ತಿದ್ದು ಎತ್ತಿದ್ದೇ. ಇಡೀ ಕೋಣೆ ನೆಲದ ಹತ್ತಿರ ಬಗ್ಗಿ ಹಾಡಿತು.

ಎರಡನೆಯ ಚರಣದಲ್ಲಿ ಬಾಗಿಲ ಕಡೆಯಿಂದ ಇನ್ನೊಂದು ಸದ್ದು ಸೇರಿಕೊಂಡಿತು. ಬಹಳ ದಿನ ಮುಚ್ಚಿದ್ದ ಕಬ್ಬಿಣದ ಗೇಟು ತಿರುಗಿದ ಹಾಗೆ ಒರಟು ಸದ್ದು. ಒಂದು ಪದ ಬಂತು, ಎರಡು ಹೋಯಿತು, ಮತ್ತೆ ಒಂದು ಬಂತು. ನಮ್ಮವರು ಹಾಡುತ್ತಿದ್ದರು. ಅಜ್ಜಿಯಿಂದ ಹಿಡಿದು ಅಯ್ಯನವರವರೆಗೆ ಎಲ್ಲರಿಗೂ ಕೇಳಿಸಿತ್ತು, ನನಗೆ ಗೊತ್ತು. ಯಾರೂ ತಿರುಗಿ ನೋಡಲಿಲ್ಲ. ಪುಸ್ತಕದಲ್ಲಿ ಕಣ್ಣಿಟ್ಟು ಇನ್ನಷ್ಟು ಮೆಲ್ಲಗೆ ಹಾಡಿದರು, ಅಷ್ಟೆ. ನನಗೆ ಅಕ್ಷರಗಳು ಕಾಣುತ್ತಿರಲಿಲ್ಲ.

ಪ್ರಾರ್ಥನೆ ಮುಗಿದು ಅವಲಕ್ಕಿಯ ತಟ್ಟೆಗಳು ಕೈಯಿಂದ ಕೈಗೆ ಹೋಗುತ್ತಿದ್ದಾಗ ಸುಂದರಮ್ಮಜ್ಜಿ ಪ್ರಶಾಂತನನ್ನು ಹತ್ತಿರ ಕರೆದರು. “ಯಾಕಪ್ಪಾ ಮಗಾ, ಇವತ್ತು ಹಾಡನ್ನ ಅಷ್ಟು ಕೆಳಗೆ ಎತ್ತಿದೆ?”

ಹುಡುಗ ಬಾಗಿಲ ಕಡೆ ನೋಡಲೇ ಇಲ್ಲ.

“ಗಂಟಲು ಕಟ್ಟಿತ್ತು ಅಜ್ಜಿ” ಎಂದ.

ನಾನು ಟೀ ಸೋಸಲು ಒಳಗೆ ಹೋದೆ.